ಅಂಚೆ ನರ್ಸಮ್ಮನ ಅಕ್ಕ

ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳು ನರ್ಸಿಂಗ್ ಪದವಿಗೆ ಸೇರಿದಾಗ ಆಸ್ಪತ್ರೆಯವರಿಗೆ ನಗಲು ಒಂದು ನೆಪ ಸಿಕ್ಕಿತು. ಕಾಲೇಜಿಗೆ ಹೋಗಬೇಕಿಲ್ಲ, ಪುಸ್ತಕಗಳು ಅಂಚೆಯಲ್ಲಿ ಬರುತ್ತವೆ, ಬರೆದ ಉತ್ತರಗಳು ಅಂಚೆಯಲ್ಲೇ ಹೋಗುತ್ತವೆ, ಪಾಠ ಹೇಳುವ ಮೇಡಂ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಮುಖ ತೋರಿಸುತ್ತಾರೆ ಎಂದು ತಿಳಿದ ದಿನವೇ ಕೆಳಮಹಡಿಯ ಔಷಧಿ ಅಂಗಡಿಯವನು ಅವಳಿಗೆ ‘ಅಂಚೆ ನರ್ಸಮ್ಮ’ ಎಂದು ಹೆಸರಿಟ್ಟ. “ಇಂಜೆಕ್ಷನ್ನೂ ಅಂಚೇಲೇ ಕಳಿಸ್ತೀರೇನಮ್ಮ?” ಎಂದು ದಾರಿಗೆ ಅಡ್ಡ ನಿಂತು ಕೇಳಿದ. “ನಿಮಗಾದ್ರೆ ದಪ್ಪ ಸೂಜೀನೇ ಕಳಿಸ್ತೀನಿ” ಎಂದು ಇವಳೂ ಬಿಡಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವಳು ಆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಸಹಾಯಕಿ. ಹಾಸಿಗೆ ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಜ್ವರ ನೋಡಿ ಬರೆಯುವುದು. ರೋಗಿಯ ಹಣೆ ಮುಟ್ಟಿದರೆ ಸಾಕು, ಥರ್ಮಾಮೀಟರಿಗಿಂತ ಮೊದಲೇ ಇವಳು ಹೇಳಿಬಿಡುತ್ತಿದ್ದಳು. ಹೊಸದಾಗಿ ಬಂದ ನರ್ಸ್ ಹುಡುಗಿಯರು ರಕ್ತನಾಳ ಸಿಗದೆ ಬೆವರುವಾಗ “ಇಲ್ಲಿ ನೋಡು ಮಗಾ” ಎಂದು ಬೆರಳಿಟ್ಟು ತೋರಿಸುತ್ತಿದ್ದವಳೂ ಇವಳೇ. ಆದರೆ ಸೂಜಿ ಹಿಡಿಯುವ ಅಧಿಕಾರ ಮಾತ್ರ ಇರಲಿಲ್ಲ. ನೋವು ತಡೆಯಲಾರದೆ ಯಾರಾದರೂ ಅವಳ ಸೆರಗೋ ತೋಳೋ ಹಿಡಿದು ಬೇಡಿದರೆ “ಸ್ವಲ್ಪ ತಡ್ಕೊಳ್ಳಿ, ನರ್ಸನ್ನ ಕರೀತೀನಿ” ಎನ್ನಬೇಕು. ನರ್ಸ್ ಬರುವಷ್ಟರಲ್ಲಿ ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಆ ಒಂದು ಮಾತನ್ನು ಹೇಳಿ ಹೇಳಿ ಅವಳಿಗೆ ಸಾಕುಸಾಕಾಗಿತ್ತು. ನೋಂದಾಯಿತ ನರ್ಸ್ ಆಗಬೇಕೆಂಬ ಹಟ ಹುಟ್ಟಿದ್ದು ಅದರಿಂದ. ದೊಡ್ಡ ಹುದ್ದೆ ಗಿದ್ದೆ ಎಲ್ಲ ಆಮೇಲಿನ ಮಾತು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅಕ್ಕ. ಅಕ್ಕ ಅವಳಿಗಿಂತ ಹದಿಮೂರು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವಳಿಗೆ ನಾಲ್ಕು ವರ್ಷ. ಅಂದಿನಿಂದ ತಲೆ ಬಾಚಿದ್ದು, ಉಣಿಸಿದ್ದು, ಶಾಲೆಗೆ ಕೈಹಿಡಿದು ಕರೆದೊಯ್ದದ್ದು ಎಲ್ಲವೂ ಅಕ್ಕನೇ. ಹೆತ್ತಿರಲಿಲ್ಲ, ಅಷ್ಟೇ. ಮದುವೆಯ ಮಾತು ಬಂದಾಗಲೆಲ್ಲ “ಇವಳೊಬ್ಬಳು ದಡ ಸೇರಲಿ” ಎಂದು ಮುಂದೂಡುತ್ತ ಅದರ ವಯಸ್ಸನ್ನೇ ದಾಟಿಬಿಟ್ಟಳು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಉದ್ದ ಕಡಿಮೆ ಮಾಡುವುದು, ಜಿಪ್ ಹಾಕುವುದು, ಕಿಟಕಿ ಪರದೆ ಹೊಲಿಯುವುದು. ತಂಗಿ ಓದಲು ಕುಳಿತ ಮೇಲೆ ಅಡುಗೆ, ಬಟ್ಟೆ, ಸಾಮಾನು ತರುವುದು ಸಹ ಅಕ್ಕನ ಪಾಲಿಗೆ ಬಂದವು. ಅಷ್ಟು ಸಾಲದೆಂಬಂತೆ ಪುಸ್ತಕವನ್ನು ಯಂತ್ರಕ್ಕೆ ಒರಗಿಸಿಕೊಂಡು, ಕಾಲಲ್ಲಿ ಪೆಡಲ್ ತುಳಿಯುತ್ತ, ತಂಗಿಗೆ ಪ್ರಶ್ನೆ ಕೇಳುವಳು. ಉತ್ತರ ತಪ್ಪಿದರೆ ಅಳತೆ ಟೇಪಿನಿಂದ ಬೆನ್ನಿಗೊಂದು ಬೀಳುತ್ತಿತ್ತು.

ಪದವಿಗೆ ಒಂದು ದೊಡ್ಡ ಅಧ್ಯಯನ ಮಾಡಬೇಕಿತ್ತು. ಅರವತ್ತು ದಾಟಿದ ಆರೋಗ್ಯವಂತರೊಬ್ಬರನ್ನು ಆರಿಸಿಕೊಂಡು, ಎರಡು ವರ್ಷ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ವರದಿ ಕಳಿಸಬೇಕು. ಒಟ್ಟು ಎಂಟು ವರದಿ. ಮೊದಲು ಅವಳು ಮೇಲಿನ ಮನೆಯ ನಿವೃತ್ತ ಟೀಚರನ್ನು ಒಪ್ಪಿಸಿದ್ದಳು. ಎರಡು ವರದಿ ಹೋಗಿತ್ತು, ಅಷ್ಟರಲ್ಲಿ ಟೀಚರು ಮಗಳ ಮನೆಗೆಂದು ಬೇರೆ ಊರಿಗೆ ಹೊರಟುಹೋದರು. ‘ವ್ಯಕ್ತಿ ಲಭ್ಯವಿಲ್ಲದ ಕಾರಣ ಅಧ್ಯಯನ ರದ್ದು, ಹೊಸದಾಗಿ ಆರಂಭಿಸಿ’ ಎಂಬ ಕಾಗದ ಬಂತು. ಆರು ತಿಂಗಳ ಕೆಲಸ ಮಣ್ಣುಪಾಲು. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತಳು.

“ಅದಕ್ಯಾಕೆ ಹಿಂಗೆ ಅಳ್ತೀಯ? ನಾನಿಲ್ವಾ?” ಎಂದಳು ಅಕ್ಕ. “ನನಗೂ ಅರವತ್ತೊಂದಾಯ್ತು. ಕಲ್ಲುಗುಂಡಿನ ಹಾಗಿದ್ದೀನಿ. ನಾನಂತೂ ಈ ಯಂತ್ರ ಬಿಟ್ಟು ಎಲ್ಲಿಗೂ ಹೋಗೋಳಲ್ಲ.”

ಹೀಗೆ ಅಕ್ಕನ ಹೆಸರಿನಲ್ಲಿ ಫೈಲು ತೆರೆಯಿತು. ಮೇಲೆ ದಪ್ಪ ಅಕ್ಷರದಲ್ಲಿ ‘ಆರೋಗ್ಯವಂತ ವ್ಯಕ್ತಿಯ ಅಧ್ಯಯನ’ ಎಂದು ಬರೆದಿತ್ತು. ಮೂರು ತಿಂಗಳಿಗೊಮ್ಮೆ ಭಾನುವಾರ ಅಕ್ಕ ಊಟದ ಮೇಜಿನ ಎದುರು ಗತ್ತಿನಿಂದ ಕೂರುವಳು. ತಂಗಿ ರಕ್ತದೊತ್ತಡ ನೋಡುವಳು, ನಾಡಿ ಎಣಿಸುವಳು, ತೂಕದ ಯಂತ್ರದ ಮೇಲೆ ನಿಲ್ಲಿಸುವಳು. ಆಮೇಲೆ ಪ್ರಶ್ನೆಗಳು.

“ಹಸಿವು?”

“ನಿನ್ನ ಪಾಲೂ ತಿನ್ನೋವಷ್ಟಿದೆ.”

“ನಿದ್ದೆ?”

“ಕುಂಭಕರ್ಣ ನಾಚಬೇಕು.”

“ನೋವು ಗೀವು?”

“ನಿನ್ನ ಪ್ರಶ್ನೆ ಕೇಳಿ ತಲೆನೋವು. ಅದನ್ನ ಬರೀಬೇಡ.”

“ಹೊಟ್ಟೆ ಮುಟ್ಟಿ ನೋಡ್ಬೇಕು, ಮಲಗು.”

“ಏಯ್ ಹೋಗೆ, ಕಚಗುಳಿ ಆಗುತ್ತೆ. ಸರಿಯಾಗಿದೆ ಅಂತ ಬರ್ಕೊ.”

ತಂಗಿ ನಗುತ್ತ ‘ಹೊಟ್ಟೆ ಮೆತ್ತಗಿದೆ, ನೋವಿಲ್ಲ’ ಎಂದು ಬರೆದಳು. ಮೊದಲ ಸಲ ಹಾಗೆ ಬರೆದಳು, ಎರಡನೇ ಸಲವೂ ಬರೆದಳು, ಆಮೇಲೆ ಅದು ಕೈಗೆ ರೂಢಿಯಾಯಿತು. ಕೆಲಸ ಮೈಮೇಲೆ ಬಿದ್ದ ದಿನ ವಾರ್ಡಿನಲ್ಲೂ ಹೀಗೆಯೇ ಕಾಲಂ ತುಂಬುವುದುಂಟು, ಆಸ್ಪತ್ರೆಯಲ್ಲಿ ದುಡಿದವರಿಗೆ ಇದು ಗೊತ್ತು. ಆರನೇ ವರದಿಯ ಹೊತ್ತಿಗೆ ಅಕ್ಕನ ಕೆನ್ನೆ ಸ್ವಲ್ಪ ಇಳಿದ ಹಾಗಿದೆ ಎಂದು ಅವಳಿಗೆ ಕಂಡದ್ದುಂಟು. “ವಯಸ್ಸಾಯ್ತಲ್ಲ ಕಣೆ, ಹದಿನೆಂಟಕ್ಕೆ ತಿರುಗ್ಲಾ?” ಎಂದು ಅಕ್ಕ ಬಾಯಿ ಮುಚ್ಚಿಸಿದಳು. ಬಟ್ಟೆ ಎಲ್ಲೂ ಸಡಿಲವಾಗಿರಲಿಲ್ಲ, ತೂಕದ ಯಂತ್ರವೂ ಐವತ್ತನಾಲ್ಕು ಕಿಲೋ ಎಂದೇ ತೋರಿಸುತ್ತಿತ್ತು. ಏಳನೇ ವರದಿಯಲ್ಲೂ ಐವತ್ತನಾಲ್ಕು ಎಂದೇ ಹೋಯಿತು.

ಅದಾಗಿ ಮೂರು ವಾರಕ್ಕೆ, ಒಂದು ಬೆಳಗ್ಗೆ, ಪರದೆ ಕೊಂಡೊಯ್ಯಲು ಬಂದ ಗಿರಾಕಿಯ ಎದುರೇ ಅಕ್ಕ ವಾಂತಿ ಮಾಡಿಕೊಂಡು ಯಂತ್ರದ ಮೇಲೆ ಕುಸಿದಳು. ಆ ಹೆಂಗಸೇ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ತಂದಳು. ತಂಗಿ ಎರಡನೇ ಮಹಡಿಯಿಂದ ಮೆಟ್ಟಿಲು ಹಾರಿಕೊಂಡು ಬಂದಳು. ಅಷ್ಟರಲ್ಲಿ, ಇವಳೇ ರಕ್ತನಾಳ ಹುಡುಕಲು ಕಲಿಸಿದ್ದ ನರ್ಸ್ ಹುಡುಗಿ ಅಕ್ಕನನ್ನು ತೂಕಕ್ಕೆ ನಿಲ್ಲಿಸಿದ್ದಳು.

“ನಲವತ್ತೇಳು” ಎಂದಳು ಹುಡುಗಿ.

“ಈ ಯಂತ್ರ ಕೆಟ್ಟಿದೆ. ಮೂರು ವಾರದ ಹಿಂದೆ ಐವತ್ತನಾಲ್ಕಿತ್ತು, ನಾನೇ ಬರೆದಿದ್ದೀನಿ.”

“ಆಂಟಿ, ಬೆಳಗ್ಗೆ ತಾನೆ ಸರಿಮಾಡಿದ್ದಾರೆ.”

ಅವಳು ಚಪ್ಪಲಿ ಬಿಟ್ಟು ತಾನೇ ಹತ್ತಿ ನಿಂತಳು. ಯಂತ್ರ ಸರಿಯಾಗಿಯೇ ಇತ್ತು.

ಸ್ಕ್ಯಾನ್ ಆಯಿತು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ, ಯಕೃತ್ತಿಗೂ ಹಬ್ಬಿದೆ ಎಂದರು ಡಾಕ್ಟರು. ಆರೇಳು ತಿಂಗಳ ಹಿಂದೆ ತಿಳಿದಿದ್ದರೆ ಆಪರೇಷನ್ ಮಾಡಿ ನೋಡಬಹುದಿತ್ತೇನೋ, ಈಗ ಏನಿದ್ದರೂ ನೋವು ಕಡಿಮೆ ಮಾಡುವುದಷ್ಟೇ ಎಂದರು. ಕೊನೆಗೆ ಫೈಲಿನಿಂದ ತಲೆಯೆತ್ತದೆ, “ಮನೇಲಿ ಯಾರೂ ಗಮನಿಸ್ಲಿಲ್ವಾ?” ಎಂದು ಕೇಳಿದರು. ಅವರಿಗೆ ಅದು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಇವಳು ಏಳು ವರದಿ ಬರೆದು ಕಳಿಸಿದವಳು.

ಅಕ್ಕನ ಬಟ್ಟೆ ತರಲು ಮನೆಗೆ ಹೋದವಳಿಗೆ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಪಟ್ಟಿ ಸಿಕ್ಕಿತು. ಸೊಂಟಕ್ಕೆ ಕಟ್ಟಿಕೊಳ್ಳುವಂಥ ಅಗಲವಾದ ಬಟ್ಟೆಯ ಪಟ್ಟಿ. ಎತ್ತಲು ಹೋದರೆ ಕೈ ಜಗ್ಗಿತು. ಪರದೆಗಳು ಗಾಳಿಗೆ ಹಾರದಂತೆ ಅಂಚಿನೊಳಗೆ ಸೀಸದ ಬಿಲ್ಲೆ ಇಟ್ಟು ಹೊಲಿಯುತ್ತಾರಲ್ಲ, ಆ ಬಿಲ್ಲೆಗಳನ್ನು ಸಾಲುಸಾಲಾಗಿ ಒಳಗಿಟ್ಟು ಹೊಲಿದಿದ್ದಳು ಅಕ್ಕ. ಮೂರು ಸಾಲು. ಐದನೇ ವರದಿಗೊಂದು, ಆರಕ್ಕೊಂದು, ಏಳಕ್ಕೊಂದು. ಇಳಿದಷ್ಟು ಮೈಯನ್ನು ಸೀಸದಿಂದ ತುಂಬಿಸಿದ್ದಳು. ಪಕ್ಕದಲ್ಲಿ ಅವಳ ದಿನದ ಬಟ್ಟೆಗಳು. ಒಳಗು ತಿರುಗಿಸಿ ನೋಡಿದರೆ ಪ್ರತಿಯೊಂದನ್ನೂ ಎರಡೆರಡು ಸಲ ಹಿಡಿದು ಹೊಲಿದ ಗುರುತು. ದರ್ಜಿಯ ಮೈ ಸಣ್ಣಗಾದರೆ ಹೊರಗಿನವರಿಗೆ ಗೊತ್ತಾಗುವುದು ಹೇಗೆ?

ಅವಳು ಆ ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಅಕ್ಕನ ಮಂಚದ ಮೇಲಿಟ್ಟಳು.

“ಇದೇನಕ್ಕ ಇದು?”

ಅಕ್ಕ ಕಳ್ಳ ಸಿಕ್ಕಿಬಿದ್ದ ಹಾಗೆ ನಕ್ಕಳು. “ಸಿಕ್ತಾ? ಇನ್ನೊಂದೇ ಒಂದು ಸಲ ಉಳಿದಿತ್ತು ಕಣೆ. ಅದೂ ಮುಗಿದಿದ್ರೆ ನಾನೇ ಹೇಳ್ತಿದ್ದೆ.”

“ಯಾಕೆ ಮಾಡ್ದೆ? ನಿನಗೆ ಬುದ್ಧಿ ಇದೆಯಾ?”

“ನೀನೇ ಬರೆದಿದ್ದೀಯಲ್ಲ, ಆರೋಗ್ಯವಂತ ವ್ಯಕ್ತಿ ಅಂತ. ಆ ಟೀಚರು ಊರು ಬಿಟ್ಟಿದ್ದಕ್ಕೇ ಎಲ್ಲಾ ರದ್ದು ಮಾಡಿದ್ರು. ನಾನು ರೋಗಿ ಅಂತ ಗೊತ್ತಾದ್ರೆ ಬಿಡ್ತಾರಾ? ನಿನಗೆ ಐವತ್ತಾಯ್ತು ಈಗ. ಮತ್ತೆ ಎರಡು ವರ್ಷ ಹಿಂದಕ್ಕೆ ಹೋಗು ಅಂದಿದ್ರೆ ನೀನು ಬಿಟ್ಟೇ ಬಿಡ್ತಿದ್ದೆ.”

ಇದನ್ನು ಕೇಳಿದರೆ ಯಾರಿಗಾದರೂ ಸಿಟ್ಟು ಬರದೆ ಇರುತ್ತದೆಯೇ? ಜೀವಕ್ಕಿಂತ ಎಂಟು ಹಾಳೆ ಕಾಗದ ಹೆಚ್ಚಾಯಿತೇ ಎಂದು ರೇಗಬೇಕೆನಿಸುತ್ತದೆ. ಅವಳಿಗೂ ಬಾಯಿತನಕ ಬಂದಿತ್ತು. ಆದರೆ ಸುಳ್ಳು ಹೇಳಿದ್ದು ಅಕ್ಕನೊಬ್ಬಳೇ ಅಲ್ಲ. ಮುಟ್ಟದ ಹೊಟ್ಟೆಯನ್ನು ಏಳು ಸಲ ಮೆತ್ತಗಿದೆ ಎಂದು ಬರೆದವಳು ತಾನು. ಊರವರ ಹಣೆಯೆಲ್ಲ ಮುಟ್ಟಿ ನೋಡಿದ ಕೈ, ಒಂದೇ ಒಂದು ಸಲ ಗದರಿಸಿ ಅಕ್ಕನನ್ನು ಮಲಗಿಸಿದ್ದರೆ ಆ ಸೀಸದ ಪಟ್ಟಿ ಬೆರಳಿಗೆ ತಾಗುತ್ತಿತ್ತು. ಅವಳು ಹೊರಗೆ ಬಂದು, ಕೊಳೆ ಬಟ್ಟೆ ಹಾಕುವ ಕೋಣೆಯ ಬಾಗಿಲು ಮುಚ್ಚಿಕೊಂಡು, ಬಾಯಿಗೆ ದಿಂಬಿನ ಚೀಲ ತುರುಕಿಕೊಂಡು ಅತ್ತಳು.

ಮಾರನೆಯ ದಿನ ಪಾಠದ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು.

“ನೀವು ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲಮ್ಮ” ಎಂದರು ಮೇಡಂ. “ಮಧ್ಯದಲ್ಲಿ ಕಾಯಿಲೆ ಬಂದ್ರೆ ರದ್ದಾಗಲ್ಲ. ಅದನ್ನೂ ಬರೀಬೇಕು, ಅಷ್ಟೇ. ಅಧ್ಯಯನ ಇರೋದೇ ಅದಕ್ಕೆ.”

ಅವಳು ಫೋನ್ ಇಟ್ಟು ವಾರ್ಡಿಗೆ ಹೋದಳು. ಮಂಚದ ಬಳಿ ಬಂದಾಗ ಅಕ್ಕ ಕಣ್ಣರಳಿಸಿ ಕೇಳಿದಳು: “ಏನಂದ್ರು? ಒಪ್ಕೊಂಡ್ರಾ?”

“ಒಪ್ಕೊಂಡ್ರು. ನಿನ್ನಿಂದಾನೇ ಉಳೀತು ಅಂದ್ರು.”

ಅಕ್ಕನ ಮುಖದಲ್ಲಿ ಮೂಡಿದ ಹೆಮ್ಮೆಯನ್ನು ಅವಳಿಗೆ ನೋಡಲಾಗಲಿಲ್ಲ. ಮೇಡಂ ಹೇಳಿದ್ದನ್ನು ಅವಳು ಅಕ್ಕನಿಗೆ ಎಂದೂ ಹೇಳಲಿಲ್ಲ.

ಎಂಟನೇ ವರದಿಯಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಸೀಸದ ಪಟ್ಟಿಯ ತೂಕವನ್ನೂ ಬರೆದಳು, ತಾನು ಹೊಟ್ಟೆ ಮುಟ್ಟಿ ನೋಡಿರಲಿಲ್ಲ ಎಂದೂ ಬರೆದಳು. ಕೊನೆಯ ಪ್ರಾಯೋಗಿಕ ಪರೀಕ್ಷೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಮೂರು ದಿನ. ಅಕ್ಕನನ್ನು ಬಿಟ್ಟು ಜಪ್ಪಯ್ಯ ಅಂದರೂ ಹೋಗುವುದಿಲ್ಲ ಎಂದು ಕೂತಳು.

“ನೀನು ಹೋಗ್ದೇ ಇದ್ರೆ, ನಾನು ಸೊಂಟಕ್ಕೆ ಸೀಸ ಕಟ್ಕೊಂಡು ನಿಂತಿದ್ದು ಯಾವ ಸಂಭ್ರಮಕ್ಕೆ?” ಎಂದಳು ಅಕ್ಕ.

ನರ್ಸ್ ಹುಡುಗಿ ತಾನು ನೋಡಿಕೊಳ್ಳುತ್ತೇನೆಂದು ಬಂದಳು, ಇವಳು ಹೋದಳು. ಪರೀಕ್ಷೆಯಲ್ಲಿ ಗುರುತಿಲ್ಲದ ಮುದುಕನೊಬ್ಬನ ಹೊಟ್ಟೆಯನ್ನು ಎಷ್ಟು ಹೊತ್ತು ಮುಟ್ಟಿ ನೋಡಿದಳೆಂದರೆ, ಪರೀಕ್ಷಕರು ಎರಡು ಸಲ ಗಡಿಯಾರ ನೋಡಿದರು. ಪಾಸಾದಳು. ಇನ್ನು ನೋಂದಣಿ ಸಂಖ್ಯೆ ಬರಬೇಕಿತ್ತು.

ಅಕ್ಕನಿಗೆ ಮನೆಯೇ ಬೇಕೆಂದಾಯಿತು. ಹೊಲಿಗೆ ಯಂತ್ರ ಸರಿಸಿ ಮುಂದಿನ ಕೋಣೆಯಲ್ಲೇ ಮಂಚ ಹಾಕಿದರು. ನೋವಿನ ಇಂಜೆಕ್ಷನ್ನನ್ನು ನೋಂದಾಯಿತ ನರ್ಸೇ ಕೊಡಬೇಕೆಂಬುದು ನಿಯಮ. ಮನೆಮನೆಗೆ ಬರುವ ನರ್ಸ್ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಕೊಟ್ಟು, ಪೆಟ್ಟಿಗೆಗೆ ಬೀಗ ಹಾಕಿ ಹೋಗುವಳು. ಮಧ್ಯಾಹ್ನದ ಹೊತ್ತಿಗೆ ಮದ್ದಿನ ಬಲ ಇಳಿದಿರುತ್ತಿತ್ತು. ನೋವಿನ ಪಟ್ಟಿಯನ್ನು ಮನೆಯವರೇ ತುಂಬಬೇಕು, ಸೊನ್ನೆಯಿಂದ ಹತ್ತರವರೆಗೆ.

“ಹತ್ತರಲ್ಲಿ ಎಷ್ಟಕ್ಕ?”

“ಸೊನ್ನೆ” ಎನ್ನುವಳು ಅಕ್ಕ, ಹಾಸಿಗೆಯ ಅಂಚನ್ನು ಹಿಡಿದುಕೊಂಡು. ಹೆಚ್ಚು ಒತ್ತಾಯಿಸಿದರೆ ರೇಗುವಳು. ತಂಗಿ ಸೊನ್ನೆ ಬರೆದು, ಕಿಟಕಿಯಿಂದ ಬೀದಿಯ ಕಡೆ ನೋಡುತ್ತ ಸಂಜೆಯ ನರ್ಸಿಗಾಗಿ ಕಾಯುವಳು. ಹೀಗೆ ಹತ್ತೊಂಬತ್ತು ಮಧ್ಯಾಹ್ನ ಕಳೆದವು.

ಇಪ್ಪತ್ತನೆಯ ದಿನ ಬೆಳಗಿನ ಅಂಚೆಯಲ್ಲಿ ನೋಂದಣಿ ಪತ್ರ ಬಂತು. ಅವಳು ಅದನ್ನು ಎತ್ತಿಕೊಂಡು ನೇರ ಡಾಕ್ಟರ ಬಳಿ ಓಡಿದಳು. ಬೇಕಿದ್ದರೆ ಮಧ್ಯಾಹ್ನವೂ ಒಂದು ಡೋಸನ್ನು ಇವರು ಕೊಡಬಹುದು ಎಂದು ಡಾಕ್ಟರು ಬರೆದುಕೊಟ್ಟರು, ಮನೆಗೆ ಬರುವ ನರ್ಸ್ ಪೆಟ್ಟಿಗೆಯ ಕೀಲಿ ಕೈಗಿಟ್ಟಳು. ಅಕ್ಕ ಪತ್ರವನ್ನು ಎದೆಯ ಮೇಲಿಟ್ಟುಕೊಂಡು ತಂಗಿಯ ಹೆಸರಿನ ಮೇಲೆ ಬೆರಳಾಡಿಸಿದಳು. ಗಂಟೆ ಎರಡಾಯಿತು.

“ಹತ್ತರಲ್ಲಿ ಎಷ್ಟಕ್ಕ?”

ಅಕ್ಕ ಪತ್ರವನ್ನು ಮಡಚಿ ದಿಂಬಿನ ಕೆಳಗಿಟ್ಟಳು. “ಒಂಬತ್ತು” ಎಂದಳು.

“ಯಾವಾಗಿಂದ?”

“ಮನೆಗೆ ಬಂದಾಗಿಂದ. ನಿನ್ನ ಕೈಲಿ ಏನೂ ಆಗ್ತಿರ್ಲಿಲ್ಲ. ಹೇಳಿ ನಿನ್ನನ್ನ ಯಾಕೆ ಕೊಲ್ಲೋದು ಅಂತ ಸುಮ್ನಿದ್ದೆ. ಕೊಡು ಈಗ, ಬೇಗ ಕೊಡು. ತಡೆಯೋಕಾಗ್ತಿಲ್ಲ ಕಣೆ.”

ಅವಳು ಸಿರಿಂಜಿಗೆ ಮದ್ದು ಎಳೆದುಕೊಂಡಳು, ಗಾಳಿಯ ಗುಳ್ಳೆ ತೆಗೆದಳು, ಮೂಳೆಗೆ ಅಂಟಿದ್ದ ತೋಳನ್ನು ಒರೆಸಿ ಸೂಜಿ ಚುಚ್ಚಿದಳು. ಅಕ್ಕನ ಮುಷ್ಟಿ ಮೆಲ್ಲಮೆಲ್ಲನೆ ಸಡಿಲಾಯಿತು. ಆಮೇಲೆ ಅವಳು ನೋವಿನ ಪಟ್ಟಿ ತೆಗೆದು, ಸಮಯ, ಡೋಸು, ಸಹಿ, ಸಹಿಯ ಕೆಳಗೆ ಮೊದಲ ಬಾರಿಗೆ ತನ್ನ ನೋಂದಣಿ ಸಂಖ್ಯೆ ಬರೆದಳು. ನೋವಿನ ಕಾಲಂನಲ್ಲಿ ಒಂಬತ್ತು ಎಂದು ತುಂಬಿದಳು. ಅದರ ಮೇಲೆ ಹತ್ತೊಂಬತ್ತು ಸೊನ್ನೆಗಳಿದ್ದವು, ಎಲ್ಲವೂ ಅವಳದೇ ಕೈಬರಹ.

ಅಕ್ಕ ಇನ್ನೂ ಆರು ದಿನ ಇದ್ದಳು. ಆ ಆರು ದಿನವೂ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದಳು.