ಉಪ್ಪಿಟ್ಟಿಗೆ ಹೋದ ಈರುಳ್ಳಿ

ಮೊನ್ನೆ ಅಡುಗೆಮನೆಯ ಬುಟ್ಟಿಯಲ್ಲಿ ಒಂದು ಈರುಳ್ಳಿ ತೇವಕ್ಕೆ ಬೇರು ಬಿಟ್ಟಿತ್ತು. ಬಿಳಿ ನೂಲಿನಂಥ ಬೇರು. ಎತ್ತಿಕೊಂಡು ಮೂಸಿದೆ, ಯಾಕೆ ಮೂಸಿದೆನೋ... ಈರುಳ್ಳಿ ವಾಸನೆಯ ಹಿಂದೆಯೇ ಇನ್ನೊಂದು ಹುಳಿ ವಾಸನೆ ಬಂದಂತಾಯಿತು. ಕಾಲೇಜಿನ ಲ್ಯಾಬಿನಲ್ಲಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದ ಕೆಂಪು ಬಣ್ಣದ ವಾಸನೆ ಅದು. ಅದರ ಹಿಂದೆ ನಮ್ಮ ಬಯಾಲಜಿ ಮೇಡಂ.

ಎಂಬತ್ತರ ದಶಕದ ಮೊದಲ ವರ್ಷಗಳು. ಬಿಳಿಚೋಡಿನವಳಾದ ನಾನು ಹೊನ್ನಾಳಿಯ ಸೋದರತ್ತೆ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದೆ. ಒಂದು ಸಲ ಪ್ರಾಕ್ಟಿಕಲ್‌ನಲ್ಲಿ ನಪಾಸಾಗಿದ್ದೆ. ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯದೆ, ಪುಸ್ತಕದಲ್ಲಿದ್ದ ಅಂದದ ಚಿತ್ರವನ್ನೇ ಬರೆದಿಟ್ಟು ಬಂದಿದ್ದೆ. "ಇನ್ನೊಂದ್ ಸಲ ನೋಡು. ಆಗ್ಲಿಲ್ಲ ಅಂದ್ರೆ ಪುಸ್ತಕ ಕಟ್ಟಿಟ್ಟು ಮನೀಗೆ ಬಾ" ಎಂದಿದ್ದರು ಅಪ್ಪ.

ಮೇಡಂ ಕೂತಿದ್ದನ್ನು ನಾನು ಕಂಡವಳಲ್ಲ. ಚಹಾವನ್ನು ಒಂದು ಕಿಟಕಿಯಲ್ಲಿ ಅರ್ಧ ಕುಡಿದು ಬಿಟ್ಟು, ಇನ್ನೊಂದು ಕಿಟಕಿಯಲ್ಲಿ ಲೋಟ ಹುಡುಕುವವರು. "ಬೇರಿನ ತುದೀನ ಬಿಸಿಲು ಏರಾದ್ರೊಳಗೆ ಕೊಯ್ಯಬೇಕು ಕಣ್ರೇ. ಸೆಲ್ಲು ಒಡೆಯೋ ಹೊತ್ತು ಅದು. ಮಧ್ಯಾಹ್ನ ಕೊಯ್ದ್ರೆ ಎಲ್ಲಾ ಉಂಡು ಮಲಗಿದಂಗೆ ಇರ್ತವೆ!" ಎನ್ನುವರು. ಕೊಯ್ದು ದ್ರಾವಣಕ್ಕೆ ಹಾಕಿದರೆ, ಯಾವ ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಸಿಕ್ಕುಗಟ್ಟಿದ ನೂಲಿನ ಉಂಡೆ, ನಡುವೆ ಸಾಲಾಗಿ ನಿಂತ ಎಳೆಗಳು, ಎರಡು ಪಾಲಾಗಿ ಆಚೀಚೆ ಸರಿಯುವ ಎಳೆಗಳು, ಕೊನೆಗೆ ನಡುವೆ ಏಳುವ ಗೋಡೆ. ಗೆಳತಿಯರಿಗೆಲ್ಲ ಕಾಣುತ್ತಿತ್ತು. ನನಗೆ ಬರೀ ಕೆಂಪು ಸಂತೆ.

"ಪುಸ್ತಕ ಮರ್ತುಬಿಡೇ ತಾಯಿ. ಏನ್ ಕಾಣ್ತೈತೋ ಅದನ್ನ ಹೇಳು" ಎಂದು ಬೆನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಿದ್ದರು. ಆ ಚಪ್ಪಲಿ ಸದ್ದು ಹತ್ತಿರ ಬಂದಷ್ಟೂ ನಾನು ಪುಸ್ತಕದ ಚಿತ್ರವನ್ನೇ ನೆನೆಸಿಕೊಳ್ಳುತ್ತಿದ್ದೆ.

ಪರೀಕ್ಷೆಗೆಂದು ನಮ್ಮ ಹೊಲದ ಈರುಳ್ಳಿಯನ್ನೇ ತಂದು, ಬುಡ ನೀರಿಗೆ ತಾಗುವಂತೆ ಲ್ಯಾಬಿನ ಕಿಟಕಿಯಲ್ಲಿ ಲೋಟಗಳ ಮೇಲೆ ಕೂರಿಸಿದ್ದೆವು. ಒಳ್ಳೆ ಬೇರು ಬಂದಿತ್ತು. ಪರೀಕ್ಷೆಯ ಬೆಳಿಗ್ಗೆ ಮೇಡಂ ಜೊತೆ ಲ್ಯಾಬಿಗೆ ಹೋದರೆ ಕಿಟಕಿಯಲ್ಲಿ ಬರೀ ಲೋಟ, ನೀರು!

ಕಾಲೇಜಿನ ಕಾವಲುಗಾರನ ಹೆಂಡತಿ ಹಿತ್ತಿಲ ಕಡೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪರೀಕ್ಷಕರಿಗೆ ತಿಂಡಿ ಮಾಡುವ ಹೊಣೆ ಅವಳದು. "ಬೇರು ಬಿಟ್ಟು ಕೆಡಾಕೆ ಹತ್ತಿದ್ವು ಮೇಡಮ್ನೋರೆ. ಸವರಿ ಉಪ್ಪಿಟ್ಟಿಗೆ ಹಾಕೀನಿ. ಸಾಹೇಬ್ರು ಇನ್ನೊಂದಿಷ್ಟು ಹಾಕಿಸ್ಕೊಂಡ್ರು ನೋಡ್ರಿ!"

ನನಗೆ ಅಳುವೇ ಬಂತು. ಮೇಡಂ ಮಾತ್ರ ಅವಳ ರಟ್ಟೆ ಹಿಡಿದರು. "ಬೇರು ಎಲ್ಲಿ? ಯಾವಾಗ ಕೊಯ್ದೆ?"

"ಅರ್ಧ ತಾಸೂ ಆಗಿಲ್ಲ ರೀ. ಮುಸುರೆ ಬಾನಿಗೆ ಹಾಕೀನಿ, ಎಮ್ಮೆಗೆ."

ಮೇಡಂ ಓಡಿದರು. ಇಸ್ತ್ರಿ ಮಾಡಿದ ಸೀರೆಯಲ್ಲೇ ಮಂಡಿಯೂರಿ, ಬಾನಿಗೆ ಮೊಣಕೈವರೆಗೂ ಕೈಯಿಳಿಸಿ, ಸಿಪ್ಪೆಯ ನಡುವಿನಿಂದ ಬೇರುಗಳನ್ನು ಆರಿಸಿ ದ್ರಾವಣದ ಸೀಸೆಗೆ ಹಾಕತೊಡಗಿದರು. ಎಮ್ಮೆ ಪಕ್ಕದಲ್ಲೇ ನಿಂತು ನೋಡುತ್ತಿತ್ತು. "ಸರಿಯಾದ ಹೊತ್ತಿಗೇ ಕೊಯ್ದೀಯಲ್ಲೇ ನಮ್ಮವ್ವ!" ಎಂದು ಮೇಡಂ ನಕ್ಕರು. ಬೈಗುಳಕ್ಕೆ ಕಾದು ನಿಂತಿದ್ದ ಆ ಹೆಂಗಸು ಕಕ್ಕಾಬಿಕ್ಕಿಯಾದಳು.

ಪರೀಕ್ಷೆಯಲ್ಲಿ ಬೇರಿನ ತುದಿಗೆ ಬಣ್ಣ ಹಾಕಿ, ಕಾಯಿಸಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿದೆ. ಕಣ್ಣಿಟ್ಟರೆ ಮತ್ತೆ ಅದೇ ಕೆಂಪು ಸಂತೆ. ಬಾಗಿಲಾಚೆ ಚಪ್ಪಲಿ ಸದ್ದು ಹೋಗುತ್ತಿತ್ತು, ಬರುತ್ತಿತ್ತು... ಪುಸ್ತಕ ಮರ್ತುಬಿಡೇ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿದೆ. ಅಲ್ಲಿ, ಅಂಚಿನಲ್ಲಿ, ಒಂದೇ ಒಂದು ಕೋಶ.

"ಯಾವ ಹಂತಮ್ಮ?" ಪರೀಕ್ಷಕರು ಬಗ್ಗಿ ನೋಡಿದರು.

"ಅನಾಫೇಸ್ ಸರ್."

"ಹೇಗೆ ಹೇಳ್ತೀಯ?"

"ಎಳೆಗಳು ಎರಡು ಪಾಲಾಗ್ಯಾವೆ ಸರ್. ಆ ಕಡೆ ಒಂದು, ಈ ಕಡೆ ಒಂದು ಸರೀತಾವೆ. ನಡುವೆ ಗೋಡೆ ಇನ್ನೂ ಬಂದಿಲ್ಲ."

ಅವರು ತಲೆಯಾಡಿಸಿದರು. ಬಾಗಿಲಾಚೆಯ ಚಪ್ಪಲಿ ಸದ್ದು ನಿಂತಿತ್ತು.

ಪಾಸಾದೆ. ಮುಂದೆ ಓದಿದೆ. ಸಿಹಿ ಹಿಡಿದುಕೊಂಡು ಹೋಗುವಷ್ಟರಲ್ಲಿ ಮೇಡಂಗೆ ವರ್ಗವಾಗಿತ್ತು. ಯಾವ ಊರಿಗೆಂದು ಆಗ ಕೇಳಿಕೊಳ್ಳಲಿಲ್ಲ... ಹೋದ ವರ್ಷ ಗೆಳತಿಯೊಬ್ಬಳು ಫೋನಿನಲ್ಲಿ, ಏನೋ ಹೇಳುತ್ತ ನಡುವೆ, "ಮೇಡಂ ಹೋಗಿಬಿಟ್ರಂತೆ ಕಣೇ" ಎಂದಳು.

ಅವರ ನರೆತ ತಲೆ ನಾನು ನೋಡಲಿಲ್ಲ. ನನ್ನ ಮಟ್ಟಿಗೆ ಅವರು ಬಾನಿಯ ಮುಂದೆ ಮಂಡಿಯೂರಿದಲ್ಲೇ ನಿಂತುಬಿಟ್ಟಿದ್ದಾರೆ, ಕೈತುಂಬ ಮುಸುರೆ, ಮುಖತುಂಬ ನಗು.

ಮೊನ್ನೆಯ ಆ ಈರುಳ್ಳಿಯನ್ನು ಹೆಚ್ಚಲಿಲ್ಲ. ಲೋಟದ ಮೇಲಿಟ್ಟೆ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಎದ್ದು ಬೇರಿನ ತುದಿಯನ್ನೂ ಕೊಯ್ದೆ. ಕೊಯ್ದದ್ದು ಅಂಗೈಯಲ್ಲಿತ್ತು. ಇಟ್ಟು ನೋಡಲು ಸೂಕ್ಷ್ಮದರ್ಶಕವಿಲ್ಲ, ಬೆನ್ನ ಹಿಂದೆ ಚಪ್ಪಲಿ ಸದ್ದೂ ಇಲ್ಲ.