ಸನ್ಯಾಸಿ ಬಿಟ್ಟ ಸಾಲು

ನನಗೆ ಗ್ರೀಕ್ ಬರುವುದಿಲ್ಲ. ಆದರೂ ನೂರಾರು ವರ್ಷ ಹಿಂದೆ ಕೈಯಲ್ಲಿ ಬರೆದ ಗ್ರೀಕ್ ಬೈಬಲಿನ ಸುವಾರ್ತೆಯ ನಾಲ್ಕು ಪ್ರತಿಗಳನ್ನು ಟೈಪ್ ಮಾಡಿದವಳು ನಾನು. ನಗಬೇಡಿ. 2008ರ ಸುಮಾರಿಗೆ ಕುಂದಾಪುರದಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ, ನಾವು ಹನ್ನೆರಡು ಹುಡುಗಿಯರು ಕಂಪ್ಯೂಟರ್ ಮುಂದೆ ಕೂತು ಮಾಡುತ್ತಿದ್ದದ್ದು ಅದೇ ಕೆಲಸ. ದೂರದ ದೇಶದವರು ಯಾರೋ ಚರ್ಮದ ಹಾಳೆಗಳ ಫೋಟೊ ಕಳಿಸುತ್ತಿದ್ದರು. ನಾವು ಅಕ್ಷರದ ಆಕಾರ ನೋಡಿ ಕೀಲಿ ಒತ್ತಬೇಕು, ಅಷ್ಟೆ. ಅರ್ಥ ಗೊತ್ತಿದ್ದವರು ತಮ್ಮ ಬುದ್ಧಿಯನ್ನೂ ಸೇರಿಸುತ್ತಾರೆ, ಅದಕ್ಕೇ ಗೊತ್ತಿಲ್ಲದವರನ್ನು ಹುಡುಕಿದ್ದು ಎಂದು ಮೊದಲ ದಿನವೇ ಹೇಳಿದ್ದರು.

ಪಕ್ಕದ ಕುರ್ಚಿಯ ಗೆಳತಿ ಬೈಂದೂರಿನ ಮೀನುಗಾರರ ಮನೆಯವಳು. ಅಕ್ಷರಗಳಿಗೆಲ್ಲ ಹೆಸರಿಟ್ಟದ್ದು ಅವಳೇ. ಮೊದಲನೆಯದು ಮೀನು, ದುಂಡಗಿನದು ಬಳೆ, ಒಂದಕ್ಕೊಂದು ಅಡ್ಡ ಹಾಯ್ದ ಗೆರೆಗಳದ್ದು ಕತ್ತರಿ. ಬರೆದವನು ಯಾವುದೋ ಮಠದ ಸನ್ಯಾಸಿಯಂತೆ. "ಹೆಣೆ, ಸನ್ಯಾಸಿಗೆ ಇವತ್ತ್ ಕೈ ನಡುಕ ಕಾಣ್ತ್. ಮೀನೆಲ್ಲ ಅಡ್ಡ ಬಿದ್ದಿತ್ ಕಾಣ್" ಎಂದು ನಗಿಸುತ್ತಿದ್ದಳು. ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ತಲ್ಲೂರಿನ ಗೇರುಬೀಜದ ಫ್ಯಾಕ್ಟರಿಯಲ್ಲಿ ದುಡಿದಿದ್ದಳು. ಬೀಜದ ಎಣ್ಣೆ ತಾಗಿ ಸುಟ್ಟ ಬೆರಳುಗಳು ಇನ್ನೂ ಕಪ್ಪಾಗಿಯೇ ಇದ್ದವು. "ಸತ್ರೂ ಮತ್ತೆ ಬೀಜದ ಫ್ಯಾಕ್ಟ್ರಿಗ್ ಹೋತಿಲ್ಲೆ ಮಾರಾಯ್ತಿ" ಎನ್ನುತ್ತಿದ್ದಳು.

ಪ್ರತಿ ಪುಟವನ್ನೂ ಇಬ್ಬರು ಬೇರೆ ಬೇರೆಯಾಗಿ ಹೊಡೆಯಬೇಕು. ವ್ಯತ್ಯಾಸ ಬಂದಲ್ಲಿ ಮೇಡಂ ತೀರ್ಪು. ಮೇಡಂ ಎಂದರೆ ಬ್ರಹ್ಮಾವರದಿಂದ ಬರುತ್ತಿದ್ದ ಹಿರಿಯ ಹೆಂಗಸು, ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು. ಮೂರು ದೊಡ್ಡ ತಪ್ಪಾದರೆ ಮನೆಗೆ. ಗೆಳತಿಗೆ ಎರಡು ತಪ್ಪಾಗಿತ್ತು. ನನಗೂ ಎರಡೇ.

ಆ ಸುವಾರ್ತೆಯಲ್ಲಿ ಒಂದು ಪುಟ ನಮಗೆಲ್ಲ ಗುರುತು. ಒಂದೇ ಪದ ಒಂಬತ್ತು ಸಲ ಬರುತ್ತದೆ, ಒಂಬತ್ತು ಮಾತು ಅದರಿಂದಲೇ ಶುರುವಾಗುತ್ತವೆ. ನಾನು ಮೂರು ಪ್ರತಿಗಳಲ್ಲಿ ಅದನ್ನು ಹೊಡೆದು ಬೇಸತ್ತಿದ್ದೆ. ನಾಲ್ಕನೆಯ ಪ್ರತಿಯಲ್ಲಿ ಮತ್ತೆ ಬಂದಾಗ ಹಳೆಯ ಫೈಲಿನಿಂದ ಆ ಭಾಗವನ್ನು ಎತ್ತಿ ಅಂಟಿಸಿದೆ. ಅಲ್ಲಲ್ಲಿ ಒಂದೆರಡು ಅಕ್ಷರ ತಿದ್ದಿದೆ. ಶುದ್ಧ ಸೋಮಾರಿತನ, ಬೇರೆ ಏನೂ ಅಲ್ಲ.

ಅದೇ ಪುಟವನ್ನು ಹೊಡೆದ ಇನ್ನೊಬ್ಬಳು ಗೆಳತಿ. ಮರುದಿನ ಮೇಡಂ ನಮ್ಮಿಬ್ಬರನ್ನೂ ಕರೆದರು.

"ಇಲ್ಲ್ ಒಂಬತ್ತ್ ಇರ್ಕ್. ನೀ ಎಂಟೇ ಹೊಡ್ದಿದ್ದಿ" ಎಂದು ಗೆಳತಿಗೆ ಹೇಳಿದರು.

"ಪಟದಗೆ ಎಂಟೇ ಇತ್ತ್ ಮೇಡಂ. ನೀವೇ ಕಾಣಿ."

"ಸಣ್ಣಾಗಿಂದ ಬಾಯಿಪಾಠ ಮಾಡಿದ್ದ್ ನಾನು. ಬೈಬಲ್ ನಂಗ್ ಕಲಿಸ್ತ್ಯಾ?"

ಅವರಿಗೆ ರೇಗಿತ್ತು, ಪಟ ನೋಡಲಿಲ್ಲ. ನಾನು ನೋಡಿದ್ದೆ. ಮೇಡಂ ಕರೆದ ಕೂಡಲೇ ಕಂಪ್ಯೂಟರಿನಲ್ಲಿ ಆ ಫೋಟೊ ತೆರೆದು ಬೆರಳಿಟ್ಟು ಎಣಿಸಿದ್ದೆ. ಎಂಟೇ. ಒಂದೇ ಪದ ಮತ್ತೆ ಮತ್ತೆ ಬಂದು ಸನ್ಯಾಸಿಯ ಕಣ್ಣು ಜಾರಿತ್ತು, ಒಂದು ಸಾಲು ಬಿಟ್ಟೇ ಹೋಗಿತ್ತು. ಪಾಪದವಳು ಕಂಡದ್ದನ್ನು ಕಂಡ ಹಾಗೆಯೇ ಹೊಡೆದಿದ್ದಳು.

ಮೇಡಂ ನನ್ನತ್ತ ತಿರುಗಿದರು. "ನಿಂದ್ರಗೆ ಎಷ್ಟ್ ಇತ್ತ್?"

"ಒಂಬತ್ತ್" ಎಂದೆ.

ಸುಳ್ಳೇನಲ್ಲವಲ್ಲ! ನನ್ನ ಫೈಲಿನಲ್ಲಿ ಇದ್ದದ್ದು ಒಂಬತ್ತೇ. ಈ ಜಾಣತನವನ್ನು ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡೆನೋ! ನಿಜ ಹೇಳಿದ್ದರೆ ಅಂಟಿಸಿದ ಕಳ್ಳತನ ಹೊರಬೀಳುತ್ತಿತ್ತು, ಮೂರನೆಯ ತಪ್ಪು ನನ್ನ ತಲೆಗೆ ಬರುತ್ತಿತ್ತು. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ನೋಡುತ್ತಾ ನಿಂತೆ. ಸಂಜೆ ಅವಳು ಬುತ್ತಿಚೀಲ ಹೆಗಲಿಗೆ ಹಾಕಿ ಬೈಂದೂರು ಬಸ್ಸು ಹತ್ತಿದಳು. ಮುಂದಿನ ವಾರ ತಲ್ಲೂರಿನ ಫ್ಯಾಕ್ಟರಿಗೇ ಸೇರಿದಳೆಂದು ಗೊತ್ತಾಯಿತು.

ಎರಡು ತಿಂಗಳ ಮೇಲೆ ಹೊರದೇಶದಿಂದ ಸಿಟ್ಟಿನ ಮೇಲ್ ಬಂತು. ಇಲ್ಲದ ಸಾಲನ್ನು ತುಂಬಿಸಲು ನಿಮಗೆ ಹೇಳಿದವರು ಯಾರು ಎಂದು ಕೇಳಿದ್ದರು. ಸರಿಯಾದ ಸುವಾರ್ತೆ ಅವರ ಹತ್ತಿರ ಬೇಕಾದಷ್ಟಿದೆಯಂತೆ. ಈ ಸನ್ಯಾಸಿ ಯಾವ ಪುಸ್ತಕ ನೋಡಿ ಬರೆದ ಎಂದು ಪತ್ತೆಯಾಗುವುದು ಇಂಥ ತಪ್ಪುಗಳಿಂದಲೇ ಅಂತೆ. ಮೇಡಂ ಅವತ್ತು ಊಟ ಮಾಡಲಿಲ್ಲ. "ನಿನ್ ಕೈಗೆ ಅಭ್ಯಾಸ ಆಯ್ ಹೋಯ್ತ್, ನಿಂದ್ ತಪ್ಪಲ್ಲ. ನಾನೇ ಪಟ ಕಂಡಿಲ್ಲೆ" ಎಂದರು. ಅದಕ್ಕೂ ತಲೆಯಾಡಿಸಿದೆ ನಾನು. "ಹೋಯಿ ಅವ್ಳನ್ನ ಕರ್ಕಂಡ್ ಬಾ" ಎಂದು ನನ್ನನ್ನೇ ಕಳಿಸಿದರು.

ಫ್ಯಾಕ್ಟರಿಯ ಊಟದ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದೆ. ಬಂದಳು. ಬೆರಳುಗಳಲ್ಲಿ ಹೊಸ ಗುಳ್ಳೆಗಳೆದ್ದಿದ್ದವು. ಪಟದಲ್ಲಿ ಎಂಟೇ ಇದ್ದದ್ದು ಎಲ್ಲರಿಗೂ ಗೊತ್ತಾಗಿದೆ, ಮೇಡಂ ಕರೆಯುತ್ತಿದ್ದಾರೆ ಎಂದೆ. ಅವಳ ಕಣ್ಣು ತುಂಬಿತು. ನನ್ನ ಎರಡೂ ಕೈ ಹಿಡಿದುಕೊಂಡಳು.

"ನೀನೇ ಹೇಳಿದ್ದಲ್ದಾ? ನಂಗ್ ಗೊತ್ತಿತ್ತ್ ಹೆಣೆ, ನೀ ನನ್ನ ಬಿಟ್ ಹಾಕುವಳಲ್ಲ ಅಂದೇಳಿ."

ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಥೂ, ಹೊರಟದ್ದು "ಹ್ಞೂಂ" ಅಂತ.

ಸನ್ಯಾಸಿ ಪಾಪ ಕಣ್ತಪ್ಪಿ ಬಿಟ್ಟಿದ್ದ. ನಾನು ಕಣ್ಣಾರೆ ಕಂಡ ನಿಜವನ್ನು ಅವಳೆದುರೇ ಎರಡೆರಡು ಸಲ ಬಿಟ್ಟೆ. ಅವನು ಬಿಟ್ಟ ಸಾಲಿನ ಅರ್ಥವೇನೆಂದು ಮೇಡಂ ಹತ್ತಿರ ಕೇಳಬಹುದಿತ್ತು; ಇವತ್ತಿನವರೆಗೂ ಕೇಳಿಲ್ಲ.

ಅವಳು ಅದೇ ಕುರ್ಚಿಗೆ ವಾಪಸು ಬಂದಳು. ಆ ಕಚೇರಿ ಮುಚ್ಚುವ ತನಕ, ಮೂರು ವರ್ಷ, ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಹುರಿದ ಬಂಗುಡೆಯ ದಪ್ಪ ತುಂಡನ್ನು ಮೊದಲು ನನ್ನ ಡಬ್ಬಿಯ ಮುಚ್ಚಳಕ್ಕೆ ಹಾಕುತ್ತಿದ್ದಳು. ಹೊಸಬರು ಯಾರಾದರೂ ಇದ್ದರೆ "ಇವ್ಳಿಂದಾಯಿ ನಾ ಇಲ್ಲ್ ಕೂತದ್ದ್" ಎಂದು ಹೇಳುತ್ತಿದ್ದಳು. ನನಗೆ ಮುಳ್ಳು ಬಿಡಿಸಲು ಬರುವುದಿಲ್ಲವೆಂದು ಆ ಸುಟ್ಟ ಬೆರಳುಗಳಿಂದ ತಾನೇ ಬಿಡಿಸಿ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.