ಆಯುಧಪೂಜೆಯ ಕೆಂಪು ದೀಪ

ದೊಡ್ಡಪ್ಪನ ಟ್ರಾಕ್ಟರಿನ ಚಾವಿಯನ್ನು ಆ ಸಂಜೆ ತಿರುಗಿಸಿದ್ದು ನಾನೇ. ಇಷ್ಟನ್ನು ಮಾತ್ರ ಆಣೆ ಇಟ್ಟು ಹೇಳಬಲ್ಲೆ. ಅದನ್ನು ಹಾಗೇ ಬಿಟ್ಟವರು ಯಾರು ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಎರಡೂ ಒಂದೇ ಸಮ ಸ್ಪಷ್ಟವಾಗಿವೆ. ಒಂದಂತೂ ಸುಳ್ಳಾಗಿರಲೇಬೇಕು.

ಕ್ಯಾತನಹಳ್ಳಿಯ ಕಡೆ ನಾಲೆಯ ನೀರು ಹರಿದು ಎಲ್ಲರಿಗೂ ಕಬ್ಬಿನ ಹುಚ್ಚು ಹತ್ತಿದ್ದ ಕಾಲ. ದೊಡ್ಡಪ್ಪ ಕಾಫಿ ತೋಟವೊಂದರಲ್ಲಿ ಸವೆದುಹೋಗಿದ್ದ ಕಬ್ಬಿಣದ ಚಕ್ರದ ಟ್ರಾಕ್ಟರು ತಂದಿದ್ದ. ಅದರ ಮೂಲ ಭಾಗಗಳು ಅರ್ಧ ಸತ್ತಿದ್ದವು. ಕಿಡಿ ಹುಟ್ಟಿಸುವುದಕ್ಕೆ ಯಾರೋ ಹಳೆಯ ಕಾರಿನ ಬ್ಯಾಟರಿ, ತಂತಿ ಸುತ್ತಿದ ಕಾಯಿಲು, ಚಾವಿಗಳನ್ನು ಕಿತ್ತು ಅದಕ್ಕೆ ಜೋಡಿಸಿದ್ದರು. ಅವುಗಳ ಜೊತೆಗೆ ಕಡಲೆಕಾಳಿನಷ್ಟು ಒಂದು ಕೆಂಪು ದೀಪವೂ ಬಂದಿತ್ತು. ಚಾವಿ ತಿರುಗಿಸಿದರೆ ಹತ್ತುತ್ತಿತ್ತು, ಎಂಜಿನ್ನು ಓಡತೊಡಗಿದರೆ ಆರುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ರಸ್ತೆ ಬದಿಯ ಹೊಲವನ್ನು ಅದರಿಂದಲೇ ಉಳುತ್ತೇನೆಂದು ದೊಡ್ಡಪ್ಪ ಊರಿಗೆಲ್ಲ ಸಾರಿದ್ದ. ಅದು ಉತ್ತುಬಿಟ್ಟರೆ ಹಟ್ಟಿಯಲ್ಲಿ ಉಳಿದಿದ್ದ ಕೊನೆಯ ಜೋಡಿ ಎತ್ತು ಮುಂದಿನ ವಾರ ಬೂಕನಕೆರೆಯ ಸಂತೆಗೆ. ಆ ಎತ್ತುಗಳನ್ನು ಅವು ಕರುಗಳಾಗಿದ್ದಾಗಿನಿಂದ ದೊಡ್ಡಮ್ಮ ಕೈಯಾರೆ ಮೇಯಿಸಿದ್ದಳು. “ಮಾರ್ಬ್ಯಾಡಿ” ಎಂದು ಒಂದೇ ಸಲ ಹೇಳಿದಳು. ಆಮೇಲೆ ಒಂದು ವಾರ ಮನೆಯ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ.

ನಾನು ಆಗಷ್ಟೇ ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದಿದ್ದೆ. ದೇವರನ್ನೂ ನಂಬುತ್ತಿರಲಿಲ್ಲ, ದೊಡ್ಡಪ್ಪನ ಟ್ರಾಕ್ಟರನ್ನೂ ನಂಬುತ್ತಿರಲಿಲ್ಲ. ಆಯುಧಪೂಜೆಯ ಸಂಜೆ ನೇಗಿಲು, ಕುಡುಗೋಲು, ಗುದ್ದಲಿಗಳ ನಡುವೆ ಟ್ರಾಕ್ಟರೂ ವಿಭೂತಿ ಬಳಿದುಕೊಂಡು ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಮಂಗಳಾರತಿ ಮುಗಿದ ಮೇಲೆ, ವಿದ್ಯುತ್ತೆಂದರೆ ಏನೆಂದು ದೊಡ್ಡಮ್ಮನಿಗೆ ತೋರಿಸುವ ಉತ್ಸಾಹದಲ್ಲಿ ನಾನು ಚಾವಿ ತಿರುಗಿಸಿದೆ. ಕೆಂಪು ದೀಪ ಹತ್ತಿತು.

“ಅಯ್ಯೋ ಶಿವ್ನೇ, ಕಣ್ಣು ಬುಟ್ಟಂಗೈತಲ್ಲೋ!” ಎಂದಳು.

ನಾನು ಆರಿಸಲು ಕೈ ಹಾಕಿದೆ. ಅವಳು ಕೈ ಹಿಡಿದುಕೊಂಡಳು. “ಪೂಜೆ ದೀಪನ ಕೈಯಾರೆ ಆರಿಸ್ತಾರೇನ್ಲಾ? ತಾನಾಗೇ ಆರ್ಬೇಕು. ಬೆಳಗಾಗಗಂಟ ಯಾವ ಆಯ್ದನೂ ಮುಟ್ಟಂಗಿಲ್ಲ. ಅಂಗೇ ಬುಡು.”

ಇಲ್ಲಿಂದ ಮುಂದೆ ನೆನಪು ಕವಲೊಡೆಯುತ್ತದೆ. ಒಂದರಲ್ಲಿ, ನಾಸ್ತಿಕನಾದ ನಾನು ಅವಳ ಮಾತಿಗೆ ತಲೆಬಾಗಿ, ಹಾಗೇ ಬಿಟ್ಟು ಹೋಳಿಗೆ ತಿನ್ನಲು ಹೋಗುತ್ತೇನೆ. ಇನ್ನೊಂದರಲ್ಲಿ, ಅವಳು ಅತ್ತ ತಿರುಗಿದಾಗ ಚಾವಿಯನ್ನು ಹಿಂದಕ್ಕೆ ತಿರುಗಿಸಿ ಮುಚ್ಚುತ್ತೇನೆ. ಅದರ ‘ಟಕ್’ ಎಂಬ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಬೆಳಿಗ್ಗೆ ಊರಿಗೆ ಊರೇ ಬಂದು ನಿಂತಿತು. ಚಕ್ರದ ಕೆಳಗಿನ ನಿಂಬೆಹಣ್ಣು ತೆಗೆದು, ದೊಡ್ಡಪ್ಪ ಹ್ಯಾಂಡಲು ಹಾಕಿ ಸುತ್ತಿದ. ಮತ್ತೆ ಸುತ್ತಿದ. ಟ್ರಾಕ್ಟರು ಕೆಮ್ಮಲೂ ಇಲ್ಲ.

“ಒಂದ್ ಇಡಿ ಉಳ್ಳಿಕಾಳ್ ತಿನ್ಸಿ ಗೌಡ್ರೇ, ಎದ್ದದು” ಎಂದ ಪಕ್ಕದ ಹೊಲದವನು.

“ಬಾಯ್ ಮುಚ್ಲಾ, ನಿನ್ನೆತ್ತು ಮಲಗ್ಬುಟ್ರೆ ನಾನೇನಾರ ಅಂದಿದ್ನಾ?” ಎಂದ ದೊಡ್ಡಪ್ಪ, ಬೆವರು ಒರೆಸಿಕೊಳ್ಳುತ್ತ. ಆಮೇಲೆ ನನ್ನ ಕಡೆ ನೋಡಿದ. “ಓದ್ದೋನಲ್ವಾ, ಏನಾಗೈತೆ ಏಳು ನೀನು.”

ಎಣ್ಣೆಗೆ ನೀರು ಸೇರಿದೆ ಎಂದು ನಾನು ತೀರ್ಪು ಕೊಟ್ಟೆ. ಎಣ್ಣೆ ಸೋಸುವ ಭಾಗವನ್ನೆಲ್ಲ ಬಿಚ್ಚಿ ಪಂಚೆಯ ಮೇಲೆ ಸಾಲಾಗಿ ಹರಡಿದೆ. ಎಣ್ಣೆಯಲ್ಲಿ ನೀರಿರಲಿಲ್ಲ. ಪಂಚೆ ಮಾತ್ರ ಹಾಳಾಯಿತು. ಚಾವಿಯನ್ನು ನಾನಾಗಲಿ, ಸಡಗರದಲ್ಲಿದ್ದ ದೊಡ್ಡಪ್ಪನಾಗಲಿ ನೋಡಲೇ ಇಲ್ಲ. ಅದರ ಮೇಲೆ ಚೆಂಡು ಹೂವಿನ ಹಾರ ಇಳಿಬಿದ್ದಿತ್ತು.

ಹೊತ್ತು ಏರುವಷ್ಟರಲ್ಲಿ ಶ್ರೀರಂಗಪಟ್ಟಣದ ಬಸ್ಸು ಬಂತು. ಅದಕ್ಕೂ ಬಾಳೆಕಂದು ಕಟ್ಟಿದ್ದರು. ಅದರ ಡ್ರೈವರು ಮುದುಕ ಸಾಹೇಬರು, ಎಂಜಿನ್ನಿನ ವಿಷಯದಲ್ಲಿ ಸುತ್ತ ಹತ್ತೂರಿಗೆ ಅವರೇ ಪಂಡಿತರು. ಇಳಿದು ಬಂದು, ಏನನ್ನೂ ಬಿಚ್ಚದೆ, ಹಾರವನ್ನು ಎರಡು ಬೆರಳಲ್ಲಿ ಎತ್ತಿದರು.

“ಅರೇ ಗೌಡ್ರೇ, ಚಾವಿ ಖುಲ್ಲಾ ಐತಲ್ಲ! ನಿನ್ನೆಯಿಂದ ಐತಾ? ಬ್ಯಾಟ್ರಿ ಪೂರಾ ಖಾಲಿ. ಕಿಡಿ ಎಲ್ಲಿಂದ ಬರ್ಬೇಕು?”

ದೊಡ್ಡಪ್ಪ ನನ್ನನ್ನು ನೋಡಿದ. ನಾನು ದೊಡ್ಡಮ್ಮನನ್ನು ನೋಡಿದೆ. ಅವಳು ಎತ್ತುಗಳನ್ನು ನೋಡುತ್ತಿದ್ದಳು. ಚಾವಿಯ ಮೇಲೆ ಕುಂಕುಮದ ಬೆರಳಚ್ಚಿತ್ತು. ಆದರೆ ಅದೇನೂ ಸಾಕ್ಷಿಯಾಗುವುದಿಲ್ಲ. ಆವತ್ತು ಆ ಹಟ್ಟಿಯಲ್ಲಿ ಕುಂಕುಮ ಇಲ್ಲದ ವಸ್ತುವೇ ಇರಲಿಲ್ಲ.

ಸಾಹೇಬರು ಕಾಯಿಲು ಮುಟ್ಟಿ ನೋಡಿ, “ಸುಟ್ಟಿಲ್ಲ, ನಸೀಬು” ಎಂದರು. ಕಿಡಿ ಕೊಡುವ ಎರಡು ಲೋಹದ ತುದಿಗಳು ಕರಕಲಾಗಿದ್ದವು. ಬೆಂಕಿಪೊಟ್ಟಣದ ಗೀರುವ ಬದಿಯನ್ನು ಹರಿದು ಅವುಗಳ ನಡುವೆ ಉಜ್ಜಿದರು. ಆಮೇಲೆ ಬಸ್ಸನ್ನು ಪಕ್ಕಕ್ಕೆ ತಂದು, ಅದರ ಬ್ಯಾಟರಿಯಿಂದ ಎರಡು ತಂತಿ ಎಳೆದು ಟ್ರಾಕ್ಟರಿಗೆ ಕೊಟ್ಟರು. ಪ್ರಯಾಣಿಕರೆಲ್ಲ ಇಳಿದು ಬಂದು, ಸರದಿಯ ಮೇಲೆ ಹ್ಯಾಂಡಲು ಸುತ್ತಿದರು. ಐದನೆಯವನ ಕೈಗೆ ಅದು ಗುಡುಗಿ ಎದ್ದಿತು. ಕೂಗು, ಶಿಳ್ಳೆ, ಹೊಗೆ.

“ನಿಲ್ಸಬ್ಯಾಡಿ! ನಿಂತ್ರೆ ಮತ್ತೆ ಏಳಲ್ಲ!” ಎಂದು ಕೂಗಿ ಸಾಹೇಬರು ಬಸ್ಸು ಹತ್ತಿದರು.

ದೊಡ್ಡಪ್ಪ ಭರ್ಜರಿಯಾಗಿ ಮೂರು ಸಾಲು ಹೊಡೆದ. ನಾಲ್ಕನೆಯ ಸಾಲಿನ ತಿರುವಿನಲ್ಲಿ, ಎಲ್ಲರೂ ನೋಡಲೆಂದು ಎಂಜಿನ್ನಿಗೆ ಎಣ್ಣೆ ಕೊಡುವ ಹಿಡಿಯಿಂದ ಒಂದು ಕೈ ಎತ್ತಿ ಮೀಸೆಗೆ ಹಚ್ಚಿದ. ಟ್ರಾಕ್ಟರು ನಿಂತುಹೋಯಿತು. ಬಸ್ಸು ಆಗಲೇ ಫ್ರೆಂಚ್ ರಾಕ್ಸ್ ಊರಿನ ದಾರಿ ಹಿಡಿದಿತ್ತು.

ಇನ್ನು ಉಳಿದದ್ದು ಒಂದೇ ಉಪಾಯ: ಬ್ಯಾಟರಿಯನ್ನು ಬಿಚ್ಚಿ ಶ್ರೀರಂಗಪಟ್ಟಣಕ್ಕೆ ಒಯ್ದು ವಿದ್ಯುತ್ತು ತುಂಬಿಸಿಕೊಂಡು ಬರುವುದು. ಒಯ್ಯುವುದು ಹೇಗೆ ಎಂದು ದೊಡ್ಡಪ್ಪ ಕೇಳುವ ಮೊದಲೇ ದೊಡ್ಡಮ್ಮ ಎತ್ತುಗಳನ್ನು ಗಾಡಿಗೆ ಹೂಡಿ ತಂದಿದ್ದಳು. ಅವನು ಬ್ಯಾಟರಿಯನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕುಳಿತ. ಹಗ್ಗ ಕೈಗೆ ಕೊಡುತ್ತ ಅವಳು ಕೇಳಿದಳು: “ಬೂಕನಕೆರೆಗೆ ಯಾವಾಗ?”

“ವೋಗಮ್ಮಿ ಅತ್ಲಾಗೆ” ಎಂದ ದೊಡ್ಡಪ್ಪ. ನಗು ತಡೆಯಲಾಗದೆ ಎತ್ತಿನ ಬೆನ್ನು ತಟ್ಟಿದ. ಅವು ಸಂತೆಯ ಮುಖ ಕಾಣಲಿಲ್ಲ. ಆ ಹಟ್ಟಿಯಲ್ಲೇ ಮುದಿಯಾದವು.

ಟ್ರಾಕ್ಟರಿನ ಚಾವಿ ಅಂದಿನಿಂದ ಬೆಲ್ಲದ ಕೋಣೆಯ ಚಾವಿಯ ಜೊತೆ ದೊಡ್ಡಮ್ಮನ ಸೊಂಟಕ್ಕೆ ಹೋಯಿತು. ಬಹಳ ವರ್ಷಗಳ ನಂತರ ಒಮ್ಮೆ, ಆ ಸಂಜೆ ನಾನು ಮುಚ್ಚಿದ ಚಾವಿಯನ್ನು ನೀನು ಮತ್ತೆ ತೆರೆದೆಯಾ ಎಂದು ಕೇಳಿದೆ.

“ನೀನು ಮುಚ್ಚಿದ್ದಾ?” ಎಂದಳು, ನಿಜಕ್ಕೂ ಆಶ್ಚರ್ಯಪಟ್ಟವಳಂತೆ. “ನಂಗೇನು ಗ್ಯಾಪ್ಕ ಇಲ್ಲ ಕಣ್ಲಾ. ಓದ್ದೋನು ನೀನು, ನೀನೇ ಗ್ಯಾಪ್ಕ ಮಡಗ್ಬೇಕಿತ್ತು.”

ಹೇಳುವಾಗ ಅವಳ ಕೈ ಸೊಂಟದ ಚಾವಿಗಳ ಮೇಲಿತ್ತು. ಅಥವಾ ಇತ್ತೆಂದು ನನಗೆ ಈಗ ಅನಿಸುತ್ತಿದೆ.